ಸರ್, ಕೇಳಿಸ್ತಿದೆಯಾ?

2020ರ ಸೆಪ್ಟೆಂಬರ್. ಬಿ.ಎಸ್ಸಿ. ಎರಡನೇ ವರ್ಷದವರಿಗೆ ಆನ್‌ಲೈನ್‌ನಲ್ಲಿ ಫಿಸಿಕ್ಸ್ ಪಾಠ. ಹಾಜರಿ ಕೂಗುತ್ತಿದ್ದೆ. ಹೊಸನಗರದ ಕಡೆಯ ಒಬ್ಬ ಹುಡುಗಿಯ ಹೆಸರು ಬಂತು. ಅವಳ ಮೈಕ್ ಆನ್ ಆಯಿತು. "ಸಾ... ಸ್..." ಅಂತ ಒಂದು ಚೂರು ಶಬ್ದ, ಅಷ್ಟೇ. ಎರಡು ಸಲ ಕರೆದೆ. ಆಬ್ಸೆಂಟ್ ಹಾಕಿ ಮುಂದೆ ಹೋದೆ. ವಾರವಿಡೀ ಹೀಗೇ ಆಯಿತು.

ಶನಿವಾರ ಅವಳು ನೋಟ್ಸಿನ ಫೋಟೊ ಕಳಿಸಿದಳು. ನಾನು ಬಾಯಲ್ಲಿ ಹೇಳಿದ್ದ ಉದಾಹರಣೆಗಳೂ ಅದರಲ್ಲಿದ್ದವು. ಹಾಳೆಯ ಮೂಲೆ ಮಳೆಗೆ ನೆಂದು ಇಂಕು ಹರಡಿತ್ತು. ಗುಡ್ಡದ ಮೇಲೆ ಕೊಡೆ ಹಿಡಿದು ಕೂತು ಬರೆದಿದ್ದಳಂತೆ. ಅವಳಿಗೆ ನಾನು ಕೇಳಿಸುತ್ತಿದ್ದೆ. ನನಗೆ ಅವಳು ಕೇಳಿಸುತ್ತಿರಲಿಲ್ಲ. ನಾನು ಕಲಿಸುವ ವಿಷಯದಲ್ಲೇ ಇದಕ್ಕೆ ಉತ್ತರ ಇತ್ತು. ಆದರೂ ಒಂದು ವಾರ ನನಗೆ ಹೊಳೆಯಲಿಲ್ಲ.

ಮೊಬೈಲ್ ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಮಾತಾಡುತ್ತದೆ. 4ಜಿ ಫೋನ್ ಎಷ್ಟೇ ಗಂಟಲು ಹರಿದುಕೊಂಡರೂ ಸುಮಾರು 0.2 ವ್ಯಾಟ್ ದಾಟುವುದಿಲ್ಲ. ಬ್ಯಾಟರಿ ಉಳಿಯಬೇಕು, ಮೈಗೆ ಹತ್ತಿರ ಇರುವ ವಸ್ತು ಬೇರೆ. ಜಾತ್ರೆಯಲ್ಲಿ ಮೈಕ್ ಹಿಡಿದವನ ಮಾತು ಇಡೀ ಬಯಲಿಗೆ ಕೇಳುತ್ತದೆ. ಕೊನೆಯಲ್ಲಿ ನಿಂತವನು ಕೂಗಿದರೆ ವೇದಿಕೆವರೆಗೂ ಹೋಗುತ್ತದಾ? ಟವರಿನ ಕಿವಿ ತುಂಬಾ ಚುರುಕು, ಹಾಗಾಗಿ ಹತ್ತಿರದಲ್ಲಿದ್ದರೆ ತೊಂದರೆ ಇಲ್ಲ. ಸಿಗ್ನಲ್‌ನ ಅಂಚಿಗೆ ಹೋದಂತೆ ಮೊದಲು ಸೋಲುವುದು ಫೋನಿನ ದನಿ. ಸಾಲದ್ದಕ್ಕೆ, 2300 ಮೆಗಾಹರ್ಟ್ಸ್‌ನ 4ಜಿಯಲ್ಲಿ ಹೋಗುವ ಮಾತಿಗೂ ಬರುವ ಮಾತಿಗೂ ಒಂದೇ ದಾರಿ. ಸಮಯ ಹಂಚಿಕೊಳ್ಳಬೇಕು. ಜನ ವಿಡಿಯೊ ನೋಡುವುದೇ ಜಾಸ್ತಿ ಅಂತ, ಸಾಮಾನ್ಯವಾಗಿ ಟವರಿನಿಂದ ಫೋನಿಗೆ ಬರುವ ಕಡೆಗೇ ಹೆಚ್ಚು ಪಾಲು ಕೊಟ್ಟಿರುತ್ತಾರೆ. ಸಿನಿಮಾ ನೋಡುವವರಿಗೆ ಇದು ಒಳ್ಳೆಯದೇ. ತರಗತಿಯಲ್ಲಿ ಪ್ರಶ್ನೆ ಕೇಳಬೇಕಾದವರ ಪಾಡು ಬೇರೆ.

ಹಾಗಾದರೆ ಗುಡ್ಡ ಯಾಕೆ ಹತ್ತಬೇಕು? ಫೋನ್‌ಗಳು ಬಳಸುವ ಇನ್ನೊಂದು ಅಲೆ, 850 ಮೆಗಾಹರ್ಟ್ಸ್‌ನದು, ಸುಮಾರು 35 ಸೆಂಟಿಮೀಟರ್ ಉದ್ದ. 2300ರದು 13, ಅಂದರೆ ಒಂದು ಗೇಣೂ ಇಲ್ಲ. ಉದ್ದ ಅಲೆ ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಆಚೆ ಬದಿಗೂ ಇಳಿಯುತ್ತದೆ. ಗಿಡ್ಡ ಅಲೆ ಅಷ್ಟು ಬಾಗುವುದಿಲ್ಲ. ಮಲೆನಾಡಿನ ಮನೆಗಳು ಇರುವುದು ಕಣಿವೆಯಲ್ಲಿ, ತೋಟದ ಪಕ್ಕ, ಎರಡು ಗುಡ್ಡಗಳ ನಡುವೆ. ನೆತ್ತಿ ಹತ್ತಿದರೆ ಟವರಿಗೂ ಫೋನಿಗೂ ಅಡ್ಡ ಇರುವುದು ಬರೀ ಗಾಳಿ.

ಮಳೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಫೋನ್ ಬಳಸುವ ಅಲೆಗಳನ್ನು ಮಳೆ ಹನಿಗಳು ಅಷ್ಟೇನೂ ತಡೆಯುವುದಿಲ್ಲ. ನೆಂದ ಎಲೆಗಳು ಜಾಸ್ತಿ ತಡೆಯುತ್ತವೆ. ಮಳೆಗಾಲದ ಕಾಡೆಂದರೆ ನೀರು ತುಂಬಿದ ಗೋಡೆಯಿದ್ದಂತೆ. ಇನ್ನು ಟವರಿನಿಂದ ಟವರಿಗೆ ಮೈಕ್ರೋವೇವ್ ಸಂಪರ್ಕ ಇದ್ದರೆ ಅದರ ಅಲೆಗಳು ಇನ್ನೂ ಗಿಡ್ಡ, ಅವಕ್ಕೆ ಜೋರು ಮಳೆ ನಿಜಕ್ಕೂ ಅಡ್ಡಿ. ಮತ್ತೆ ಕರೆಂಟು. ಮರ ಬಿದ್ದು ಲೈನ್ ಹೋದರೆ, ಟವರಿನ ಬ್ಯಾಟರಿ ಇರುವಷ್ಟು ಹೊತ್ತೇ ಕ್ಲಾಸು.

ಇಷ್ಟೆಲ್ಲ ದಾಟಿ ಬಂದ ದನಿಯೂ ಇಡಿಯಾಗಿ ಬರುವುದಿಲ್ಲ. ಆನ್‌ಲೈನ್ ಕ್ಲಾಸಿನ ಆ್ಯಪ್‌ಗಳು ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಳಿಸುತ್ತವೆ. ಸೆಕೆಂಡಿಗೆ 50 ತುಣುಕು. ಒಂದೆರಡು ಕಳೆದರೆ ಸಾಫ್ಟ್‌ವೇರ್ ಹಿಂದಿನ ಶಬ್ದವನ್ನೇ ಎಳೆದು ಸಂದು ಮುಚ್ಚುತ್ತದೆ. ಜಾಸ್ತಿ ಕಳೆದರೆ ಆ ಎಳೆತವೇ ರೋಬೋ ದನಿಯಾಗಿ ಕೇಳುತ್ತದೆ. ತಡವಾಗಿ ಬರುವುದು ಇನ್ನೊಂದು ಕಷ್ಟ. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಒಂದು ಅಧ್ಯಯನದಲ್ಲಿ, ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿತ್ತು. ನೆಟ್‌ವರ್ಕ್ ಅದಕ್ಕಿಂತ ತಡ ಮಾಡಿದರೆ ಏನಾಗುತ್ತದೆ? ಉತ್ತರ ಗೊತ್ತಿರುವ ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು "ಯಾರಿಗೂ ಗೊತ್ತಿಲ್ವಾ?" ಅಂದಿರುತ್ತಾರೆ. ಎರಡು ದನಿ ಡಿಕ್ಕಿ ಹೊಡೆಯುತ್ತವೆ. ಅವಳು ಸುಮ್ಮನಾಗುತ್ತಾಳೆ. ನಾಲ್ಕು ಸಲ ಹೀಗಾದರೆ ಐದನೇ ಸಲ ಮೈಕೇ ಆನ್ ಮಾಡುವುದಿಲ್ಲ. ನನ್ನ ತರಗತಿಯಲ್ಲೇ ಇದು ಆಗಿದೆ. ಆ ಮೌನವನ್ನು ನಾವು ಆಸಕ್ತಿ ಇಲ್ಲ ಅಂತ ಓದಿದೆವು. ಅದು ದೊಡ್ಡ ಅನ್ಯಾಯ.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ ನೂರು ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ಸುಮಾರು 15ಕ್ಕೆ, ಕಂಪ್ಯೂಟರ್ ಇದ್ದದ್ದು ನಾಲ್ಕಕ್ಕೆ. ಎರಡೇ ವರ್ಷಕ್ಕೆ ಇಡೀ ಕಾಲೇಜನ್ನು ಆ ಮನೆಗಳಿಗೆ ಸಾಗಿಸಿದೆವು.

ಆಮೇಲೆ ನಾನು ಕೂಗಿ ಹಾಜರಿ ಹಾಕುವುದನ್ನು ಬಿಟ್ಟೆ. ಎಸ್ಸೆಮ್ಮೆಸ್ ಕಳಿಸಿ ಅಂದೆ. ಒಂದು ಎಸ್ಸೆಮ್ಮೆಸ್ ಅಂದರೆ 140 ಬೈಟ್. ಒಂದು ಸೆಕೆಂಡಿನ ಮಾತಿಗೆ ಬೇಕಾದ ಡೇಟಾದ ಸಣ್ಣ ಪಾಲು. ಸಿಗ್ನಲ್ ಒಂದು ಕ್ಷಣ ಸಿಕ್ಕರೂ ಹೊರಟುಬಿಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಾದರೆ 160 ಹಿಡಿಸುತ್ತದೆ, ಕನ್ನಡದಲ್ಲಾದರೆ 70 ಮಾತ್ರ. ಒತ್ತಕ್ಷರ, ಗುಣಿತ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಹೆಚ್ಚಿನವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಆ ಹುಡುಗಿ ಮಾತ್ರ ಕನ್ನಡದಲ್ಲೇ ಬರೆದಳು. ಸೋಮವಾರ ಬೆಳಿಗ್ಗೆ ಅವಳ ಮೊದಲ ಸಂದೇಶ ಬಂತು: "ಬಂದಿದೀನಿ ಸರ್. ಮೊನ್ನೆ ಲೆಕ್ಕದಲ್ಲಿ ಮೈನಸ್ ಬಿಟ್ಟಿದ್ರಿ."

ಹೌದು, ಬಿಟ್ಟಿದ್ದೆ. ಉಳಿದ ಐವತ್ತು ಜನರಲ್ಲಿ ಯಾರೂ ಅದನ್ನು ಹೇಳಿರಲಿಲ್ಲ.