ನಂದಿ ಹತ್ತಿದವರೆಲ್ಲ ಪಟ್ನಿಟಾಪ್ ಹತ್ತಲಾರರು

ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿಕೊಂಡೇ ಬೆಂಗಳೂರು ಸೇರುತ್ತದೆ. ಹಾಗಾಗಿ ದೇಶದುದ್ದ ಸೈಕಲ್ ತುಳಿಯುವ ಹುಚ್ಚು ನಮ್ಮೂರ ಹುಡುಗರಿಗೆ ಬೇಗ ಹಿಡಿಯುತ್ತದೆ. ಹಿಡಿಯಲಿ. ಆದರೆ ಸೈಕಲ್ ಸಿದ್ಧಪಡಿಸಿಕೊಡಿ ಎಂದು ನನ್ನ ಅಂಗಡಿಗೆ ಬರುವವರ ಬಾಯಲ್ಲಿ ಒಂದೇ ಮಾತು: “ಅಣ್ಣಾ, ನಂದಿಬೆಟ್ಟವನ್ನು ಎಲ್ಲೂ ನಿಲ್ಲಿಸದೆ ಹತ್ತಿದ್ದೇನೆ, ಗೇರ್ ಹೀಗೇ ಇರಲಿ.”

ಭಾನುವಾರದ ತಂಪಿನಲ್ಲಿ ಒಂದು ಬಾಟಲಿ ನೀರಿಟ್ಟುಕೊಂಡು ಹತ್ತಿ, ಫೋಟೊ ತೆಗೆದು, ಮನೆಗೆ ಬಂದು ಮಲಗುವುದು ಬೇರೆ. 15 ಕಿಲೋ ಸಾಮಾನು ಹೇರಿಕೊಂಡು, ನಿನ್ನೆಯ ದಣಿವು ಆರುವ ಮೊದಲೇ ಇನ್ನೊಂದು ಘಾಟಿಗೆ ಕಾಲು ಕೊಡುವುದು ಬೇರೆ. ಶ್ರೀನಗರದಿಂದ ಹೊರಟವರಿಗೆ ಜಮ್ಮು ದಾರಿಯ ಬನಿಹಾಲ್, ಪಟ್ನಿಟಾಪ್ ಏರುಗಳು ಕಾಲು ಪಳಗುವ ಮೊದಲೇ ಎದುರಾಗುತ್ತವೆ. (ಅಲ್ಲಿನ ಸುರಂಗಗಳೊಳಗೆ ಸೈಕಲ್ ಬಿಡುತ್ತಾರೆಂದು ನಂಬಿ ದಿನ ಲೆಕ್ಕ ಹಾಕಬೇಡಿ. ಬಿಡದಿದ್ದರೆ ಪಟ್ನಿಟಾಪಿನ ಹಳೆಯ ರಸ್ತೆಯೇ ಗತಿ, ಎತ್ತರ ಸುಮಾರು 2,000 ಮೀಟರ್.)

ಒಮ್ಮೆ ಹಲ್ಲು ಎಣಿಸಿ ನೋಡಿ. ರೇಸಿಂಗ್ ಮಾದರಿಯ ಹಲವು ಸೈಕಲ್ಲುಗಳ ಅತಿ ಹಗುರ ಗೇರಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 28. ಪೆಡಲ್ ಒಂದು ಸುತ್ತು ತಿರುಗಿತೆಂದರೆ ಸೈಕಲ್ ಸುಮಾರು ಎರಡೂವರೆ ಮೀಟರ್ ಹೋಗಲೇಬೇಕು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿಲೋಮೀಟರ್. ಸಾಮಾನು ಹೊತ್ತ ಸೈಕಲ್ಲಿಗೆ ಕಡಿದಾದ ಏರಿನಲ್ಲಿ ಅಷ್ಟು ವೇಗ ಬಹುಪಾಲು ಮಂದಿಗೆ ಸಾಧ್ಯವಿಲ್ಲ. ಸುತ್ತು ನಲವತ್ತಕ್ಕೆ, ಮೂವತ್ತಕ್ಕೆ ಇಳಿಯುತ್ತದೆ. ಒಂದೊಂದು ತುಳಿತಕ್ಕೂ ಮೊಣಕಾಲು ಸುಂಕ ಕಟ್ಟುತ್ತದೆ. ಅದೇ ಮುಂದೆ 22, ಹಿಂದೆ 34 ಹಲ್ಲು ಇದ್ದರೆ ಸುತ್ತಿಗೆ ಒಂದೂಕಾಲು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. 60 ಸುತ್ತಿಗೆ ಗಂಟೆಗೆ ಐದು ಕಿಲೋಮೀಟರ್.

“ಐದಾದರೆ ಇಳಿದು ನಡೆಯಬಹುದಲ್ಲ?” ಎಂದು ನಗುತ್ತಾರೆ. ಸಾಮಾನು ತುಂಬಿದ ಸೈಕಲ್ಲನ್ನು ಏರಿನಲ್ಲಿ ತಳ್ಳಿ ನೋಡಿದವರು ನಗುವುದಿಲ್ಲ. ಹಗುರ ಗೇರ್ ಹಾಕಿಸಿದರೆ ಬಯಲಿನಲ್ಲಿ ವೇಗ ಹೋಗುತ್ತದೆಂಬ ಭಯವೂ ಸುಳ್ಳು. ದೊಡ್ಡ ಗೇರ್ ಅಲ್ಲೇ ಇರುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಬೇಕಾದರೆ ಬಳಸಿ.

ಒಬ್ಬ ಹುಡುಗ ತೂಕ ಉಳಿಸಲು ಟೈಟೇನಿಯಂ ಬೋಲ್ಟ್ ತರಿಸಿಕೊಂಡಿದ್ದ. ಚೀಲವನ್ನು ತಕ್ಕಡಿಗೆ ನೇತುಹಾಕಿದರೆ ತಳದಲ್ಲಿ ಹುರಿಹಿಟ್ಟು, ಚಟ್ನಿಪುಡಿ, ಜೊತೆಗೆ ಸ್ಟೀಲ್ ಡಬ್ಬಿಯ ತುಂಬ ಕೊಬ್ಬರಿ ಮಿಠಾಯಿ. ಕಟ್ಟಿಕೊಟ್ಟ ತಾಯಿ ಪಕ್ಕದಲ್ಲೇ ನಿಂತಿದ್ದರು. ಡಬ್ಬಿ ತೆಗೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ, ಹಿಂದಿನ ಚಕ್ರಕ್ಕೆ ಹಲ್ಲು ಹೆಚ್ಚಿಸಿಕೊಟ್ಟೆ.

ಎಲ್ಲ ಸೈಕಲ್ಲಿಗೂ ಇದೇ ಲೆಕ್ಕ ಕೂರುತ್ತದೆಂದು ಹೇಳಲಾರೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್‌ಗಳಲ್ಲಿ ಕೆಲವು 34 ಹಲ್ಲನ್ನು ತಾಳುವುದಿಲ್ಲ, ಚೈನಿನ ಉದ್ದವನ್ನೂ ಬದಲಿಸಬೇಕಾದೀತು. ಸೈಕಲ್ ನೋಡದೆ ಫೋನಿನಲ್ಲಿ ಉತ್ತರ ಕೊಡುವುದಿಲ್ಲ. ಮೊದಲು ಕೊಂಡೊಯ್ಯುವ ಸಾಮಾನನ್ನೆಲ್ಲ ಹೇರಿಕೊಂಡು ಸತತ ಎರಡು ದಿನ ನಂದಿ ಹತ್ತಿ, ಎರಡನೆಯ ದಿನ ಮಧ್ಯಾಹ್ನದ ಬಿಸಿಲಿಗೆ. ಸೀಟಿನಿಂದ ಏಳದೆ ಮೇಲೆ ತಲುಪಿದರೆ ನಿಮ್ಮ ಗೇರನ್ನು ನಾನು ಮುಟ್ಟುವುದಿಲ್ಲ. ಇಲ್ಲವಾದರೆ ಹೊರಡುವ ಒಂದು ತಿಂಗಳ ಮೊದಲೇ ಬನ್ನಿ. ಬಿಡಿಭಾಗ ತರಿಸಬೇಕು, ರೈಲು ಟಿಕೆಟ್ ಕೈಯಲ್ಲಿ ಹಿಡಿದು ಹಿಂದಿನ ಸಂಜೆ ಬಂದರೆ ಟಯರಿಗೆ ಗಾಳಿ ಹೊಡೆದು ಕಳುಹಿಸಬಲ್ಲೆ, ಅಷ್ಟೇ.