ಶವ ಸಿಗದಿದ್ದರೆ ಕೊಲೆ ಮೊಕದ್ದಮೆಯೇ ನಡೆಯುವುದಿಲ್ಲವೇ?

ಪ್ರಶ್ನೆ: ಆಸ್ಟ್ರೇಲಿಯಾದ ಬೌರಾವಿಲ್‌ನಲ್ಲಿ ಕಾಣೆಯಾದ ಕೊಲೀನ್ ವಾಕರ್-ಕ್ರೇಗ್ ಎಂಬ ಆದಿವಾಸಿ ಹುಡುಗಿಯ ಶವ ಸಿಗದ ಕಾರಣಕ್ಕೇ ಈವರೆಗೆ ಯಾರಿಗೂ ಶಿಕ್ಷೆಯಾಗಿಲ್ಲ ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆ ಬೇರೆ ಬೇರೆ ಹೆಸರುಗಳನ್ನು ಹೊತ್ತು ಪದೇ ಪದೇ ಬರುತ್ತಿರುವುದರಿಂದ, ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ನ್ಯೂ ಸೌತ್ ವೇಲ್ಸ್ ರಾಜ್ಯದ ಬೌರಾವಿಲ್ ಒಂದು ಸಣ್ಣ ಊರು, ಗುಂಬೈಂಗಿರ್ ಜನರ ನೆಲ. 1990ರ ಸೆಪ್ಟೆಂಬರ್ 13ರಂದು ಹದಿನಾರು ವರ್ಷದ ಕೊಲೀನ್ ಅಲ್ಲಿಂದ ಕಾಣೆಯಾದಳು. ಅಕ್ಟೋಬರ್‌ನಲ್ಲಿ ನಾಲ್ಕು ವರ್ಷದ ಎವಲಿನ್ ಗ್ರೀನಪ್, ಮರುವರ್ಷದ ಆರಂಭದಲ್ಲಿ ಹದಿನಾರರ ಕ್ಲಿಂಟನ್ ಸ್ಪೀಡಿ-ಡುರೂ ಅದೇ ಆದಿವಾಸಿ ಕೇರಿಯಿಂದ ಕಣ್ಮರೆಯಾದರು. ಕ್ಲಿಂಟನ್ ಮತ್ತು ಎವಲಿನ್ ಇಬ್ಬರ ದೇಹಾವಶೇಷಗಳೂ ಊರಾಚೆಯ ಒಂದೇ ರಸ್ತೆಯ ಬಳಿಯ ಕಾಡಿನಲ್ಲಿ ದೊರೆತವು. ಕೊಲೀನಳದ್ದೆಂದು ಸಿಕ್ಕಿದ್ದು ಕಲ್ಲು ಕಟ್ಟಿ ನಂಬಕ್ಕಾ ನದಿಯಲ್ಲಿ ಮುಳುಗಿಸಿದ್ದ ಬಟ್ಟೆಗಳು ಮಾತ್ರ.

ಈಗ ‘ಶವವಿಲ್ಲದೆ ಕೊಲೆಯಿಲ್ಲ’ ಎಂಬ ನಂಬಿಕೆಗೆ ಬರೋಣ. ಅದನ್ನು ಅಲ್ಲಗಳೆಯಲು ಬೌರಾವಿಲ್ ಬಿಟ್ಟು ಬೇರೆಡೆ ಹೋಗುವ ಅಗತ್ಯವೂ ಇಲ್ಲ. ಶವ ಸಿಕ್ಕ ಎರಡೂ ಪ್ರಕರಣಗಳಲ್ಲಿ ಒಬ್ಬನೇ ಆರೋಪಿಯ ವಿಚಾರಣೆ ನಡೆದು, 1994ರಲ್ಲಿ ಒಮ್ಮೆ, 2006ರಲ್ಲಿ ಮತ್ತೊಮ್ಮೆ ಜ್ಯೂರಿ ಆತನನ್ನು ಖುಲಾಸೆಗೊಳಿಸಿತು. ಶವವೇ ನಿರ್ಣಾಯಕವಾಗಿದ್ದರೆ ಆ ಎರಡು ಪ್ರಕರಣಗಳಾದರೂ ಬಗೆಹರಿಯಬೇಕಿತ್ತಲ್ಲವೇ?

ಈ ನಂಬಿಕೆಯ ಬೇರು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. 1660ರಲ್ಲಿ ಕ್ಯಾಂಪ್ಡನ್ ಎಂಬಲ್ಲಿ ವಿಲಿಯಂ ಹ್ಯಾರಿಸನ್ ಎಂಬ ವೃದ್ಧ ಕಾಣೆಯಾದಾಗ, ಶವ ಸಿಗದಿದ್ದರೂ ಅವನ ಆಳನ್ನೂ ಆಳಿನ ತಾಯಿ ಮತ್ತು ಸಹೋದರನನ್ನೂ ಗಲ್ಲಿಗೇರಿಸಲಾಯಿತು. 1662ರಲ್ಲಿ ಹ್ಯಾರಿಸನ್ ಜೀವಂತವಾಗಿ ಊರಿಗೆ ಮರಳಿದ. ಇಂಥ ಅನಾಹುತಗಳ ಆ ಕಾಲದಲ್ಲಿಯೇ ನ್ಯಾಯಮೂರ್ತಿ ಮ್ಯಾಥ್ಯೂ ಹೇಲ್, ಕೃತ್ಯ ನಡೆದದ್ದು ರುಜುವಾತಾಗದ ಹೊರತು ಅಥವಾ ಕನಿಷ್ಠ ಶವವಾದರೂ ಸಿಗದ ಹೊರತು ಯಾರನ್ನೂ ಕೊಲೆಗಾರನೆಂದು ತಾನು ತೀರ್ಮಾನಿಸಲಾರೆ ಎಂದು ಬರೆದ. ಜನ ಇದರ ಎರಡನೆಯ ಭಾಗವನ್ನು ಮಾತ್ರ ನೆನಪಿಟ್ಟುಕೊಂಡು, ‘ಕೃತ್ಯ ರುಜುವಾತಾದರೆ ಸಾಕು’ ಎಂಬ ಮೊದಲ ಭಾಗವನ್ನು ಮರೆತಿದ್ದಾರೆ. ಅದು ಎಚ್ಚರಿಕೆಯ ಮಾತೇ ಹೊರತು ಕಾನೂನಿನ ನಿಯಮವಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 1981ರ ರಮಾನಂದ್ ಪ್ರಕರಣದಲ್ಲಿ, ಬಲವಾದ ಸಾಂದರ್ಭಿಕ ಸಾಕ್ಷ್ಯವಿದ್ದರೆ ಶವ ಸಿಗಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿದೆ.

ನ್ಯೂ ಸೌತ್ ವೇಲ್ಸ್‌ನಲ್ಲಿಯೇ ಉದಾಹರಣೆಗಳಿವೆ. 1982ರಲ್ಲಿ ಕಾಣೆಯಾದ ಲಿನೆಟ್ ಡಾಸನ್ ಅವರ ಶವ ಇಂದಿಗೂ ಸಿಕ್ಕಿಲ್ಲ. ಆದರೂ 2022ರಲ್ಲಿ ಅವರ ಗಂಡ ಕ್ರಿಸ್ ಡಾಸನ್ ಕೊಲೆಗಾರನೆಂದು ತೀರ್ಪು ಬಂತು. ಅದೇ ವರ್ಷ, ಶವ ಎಲ್ಲಿದೆಯೆಂದು ತಿಳಿಸಲು ಸಹಕರಿಸದ ಕೊಲೆ ಅಪರಾಧಿಗೆ ಪೆರೋಲ್ ಇಲ್ಲ ಎಂಬ ಕಾಯ್ದೆಯನ್ನೂ ಆ ರಾಜ್ಯ ತಂದಿತು. ಶವವಿಲ್ಲದೆ ಶಿಕ್ಷೆಯೇ ಆಗದಿದ್ದರೆ ಇಂಥದೊಂದು ಕಾಯ್ದೆಯನ್ನು ಯಾರಿಗಾಗಿ ಮಾಡಬೇಕಿತ್ತು ಎಂಬುದನ್ನು ಓದುಗರೇ ಯೋಚಿಸಲಿ.

ಹಾಗಾದರೆ ಬೌರಾವಿಲ್‌ನಲ್ಲಿ ಎಡವಿದ್ದೆಲ್ಲಿ? ಮೊದಲನೆಯದಾಗಿ, ಹುಡುಕಾಟದಲ್ಲಿ. ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟರೆ, ಆದಿವಾಸಿಗಳ ರೂಢಿಯಂತೆ ಎಲ್ಲಿಗೋ ಅಲೆಯಲು ಹೋಗಿರಬೇಕೆಂಬ ಧಾಟಿಯ ಉತ್ತರ ಬಂತೆಂದು ಕುಟುಂಬದವರು ಹೇಳುತ್ತಲೇ ಬಂದಿದ್ದಾರೆ. 1965ರಲ್ಲಿಯೂ ಸಿನಿಮಾ ಮಂದಿರದಲ್ಲಿ ಆದಿವಾಸಿಗಳನ್ನು ಬೇರೆ ಕೂರಿಸುತ್ತಿದ್ದ ಊರು ಅದು ಎಂಬುದನ್ನು ನೆನೆದರೆ ಈ ಉತ್ತರ ಅಚ್ಚರಿ ಹುಟ್ಟಿಸುವುದಿಲ್ಲ. ಮೊದಲ ತನಿಖೆಯ ಲೋಪಗಳಿಗಾಗಿ ರಾಜ್ಯದ ಪೊಲೀಸ್ ಆಯುಕ್ತರು 2016ರಲ್ಲಿ ಕ್ಷಮೆ ಕೋರಿದರು.

ಎರಡನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು, ಮೂರು ಸಾವುಗಳನ್ನೂ ಒಟ್ಟಿಗೆ ನೋಡುವ ಅವಕಾಶ ಯಾವ ಜ್ಯೂರಿಗೂ ಸಿಗಲಿಲ್ಲ ಎಂಬುದು. ಪ್ರಕರಣಗಳನ್ನು ಪ್ರತ್ಯೇಕವಾಗಿ ವಿಚಾರಣೆ ಮಾಡಬೇಕೆಂದು 1993ರಲ್ಲಿ ನ್ಯಾಯಾಧೀಶರು ಆದೇಶಿಸಿದ್ದರಿಂದ, 1994ರ ಜ್ಯೂರಿ ಕ್ಲಿಂಟನ್‌ನ ಸಾವನ್ನಷ್ಟೇ ತೂಗಿತು. 2006ರ ಕೊನೆಯಲ್ಲಿ ಕಾನೂನು ತಿದ್ದುಪಡಿಯಾಗಿ, ‘ಹೊಸ ಹಾಗೂ ಬಲವಾದ’ ಸಾಕ್ಷ್ಯವಿದ್ದರೆ ಕೊಲೆ ಆರೋಪದಿಂದ ಖುಲಾಸೆಯಾದವರ ಮರುವಿಚಾರಣೆಗೂ ದಾರಿಯಾಯಿತು. ಅದನ್ನು ಆಧರಿಸಿ ಸಲ್ಲಿಸಿದ ಅರ್ಜಿಯಲ್ಲಿ ಕೊಲೀನಳ ಕಣ್ಮರೆಗೆ ಸಂಬಂಧಿಸಿದ ಸಾಕ್ಷ್ಯವೇ ಪ್ರಧಾನವಾಗಿತ್ತು. ಆ ಸಾಕ್ಷ್ಯ 2006ರ ವಿಚಾರಣೆಯ ವೇಳೆಗೇ ಲಭ್ಯವಿದ್ದು, ಆಗಲೇ ಮುಂದಿಡಬಹುದಾಗಿದ್ದರಿಂದ ಅದು ‘ಹೊಸದು’ ಅಲ್ಲವೆಂದು ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ 2018ರ ಸೆಪ್ಟೆಂಬರ್ 13ರಂದು ಅರ್ಜಿಯನ್ನು ತಿರಸ್ಕರಿಸಿತು. ಅಂದಿಗೆ ಕೊಲೀನ್ ಕಾಣೆಯಾಗಿ ಸರಿಯಾಗಿ 28 ವರ್ಷ. 2019ರ ಮಾರ್ಚ್‌ನಲ್ಲಿ ಅಲ್ಲಿನ ಹೈಕೋರ್ಟ್, ಅಂದರೆ ದೇಶದ ಪರಮೋಚ್ಚ ನ್ಯಾಯಾಲಯ, ಮಧ್ಯಪ್ರವೇಶಿಸಲು ನಿರಾಕರಿಸಿತು. ಈ ತೀರ್ಪುಗಳಿಂದ ಆ ವ್ಯಕ್ತಿ ಅಪರಾಧಿ ಎಂದೇನೂ ಆಗುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಆತ ಖುಲಾಸೆಯಾದವನೇ.

ಯಾರೂ ಕೇಳದ ಪ್ರಶ್ನೆಯೊಂದನ್ನು ನಾನೇ ಕೇಳಿಕೊಳ್ಳುತ್ತೇನೆ: ಇದೇ ಘಟನೆ ಕರ್ನಾಟಕದಲ್ಲಿ ನಡೆದಿದ್ದರೆ? ಸೆಷನ್ಸ್ ನ್ಯಾಯಾಲಯ ಖುಲಾಸೆ ಮಾಡಿದರೂ ಸರ್ಕಾರ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು, 2009ರ ಕೊನೆಯಿಂದ ಸಂತ್ರಸ್ತರ ಕುಟುಂಬವೂ ಸಲ್ಲಿಸಬಹುದು, ಮತ್ತು ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಮತ್ತೆ ತೂಗಿ ಶಿಕ್ಷೆಯನ್ನೂ ವಿಧಿಸಬಹುದು. ನ್ಯೂ ಸೌತ್ ವೇಲ್ಸ್‌ನಲ್ಲಿ ಜ್ಯೂರಿ ಸಾಕ್ಷ್ಯ ಕೇಳಿ ಕೊಟ್ಟ ಖುಲಾಸೆಯ ವಿರುದ್ಧ ಅಂಥ ಮೇಲ್ಮನವಿ ಇಲ್ಲ. 2006ರ ತಿದ್ದುಪಡಿ ತೆರೆದ ದಾರಿಯಲ್ಲಿಯೂ ಒಂದು ಖುಲಾಸೆಗೆ ಒಂದೇ ಅರ್ಜಿ, ಕ್ಲಿಂಟನ್ ಮತ್ತು ಎವಲಿನ್ ವಿಷಯದಲ್ಲಿ ಅದು ಮುಗಿದುಹೋಗಿದೆ. ಕೊಲೀನಳ ಸಾವಿನ ಬಗ್ಗೆ ಯಾವ ಜ್ಯೂರಿಯೂ ಇದುವರೆಗೆ ತೀರ್ಪು ನೀಡಿಲ್ಲವಾದ್ದರಿಂದ, ಆ ಒಂದು ಪ್ರಕರಣಕ್ಕೆ ಮಾತ್ರ ಈ ಮಿತಿ ಅನ್ವಯಿಸುವುದಿಲ್ಲ.