ಮುಳ್ಳು ನಿಂತರೂ ಕೊಬ್ಬು ಕರಗುತ್ತಿರಬಹುದು

ತೂಕ ಇಳಿಸಲು ಹೊರಟವರು ಬೇಸರ ಮಾಡಿಕೊಂಡು ನನ್ನ ಬಳಿ ಬರುವುದು ಹೆಚ್ಚಾಗಿ ಮೂರನೇ ಅಥವಾ ನಾಲ್ಕನೇ ವಾರದಲ್ಲಿ. ಮೊದಲ ವಾರ ಎರಡು ಕೆ.ಜಿ. ಇಳಿದಿರುತ್ತದೆ, ಮನೆಯವರೆಲ್ಲ ಭೇಷ್ ಅಂದಿರುತ್ತಾರೆ. ಆಮೇಲೆ ಮುಳ್ಳು ಅಲ್ಲಾಡುವುದಿಲ್ಲ. "ಮೇಡಂ, ಸಕ್ಕರೆ ಬಿಟ್ಟೆ, ರಾತ್ರಿ ಅನ್ನ ಬಿಟ್ಟೆ, ಬೆಳಿಗ್ಗೆ ಎದ್ದು ಪಾರ್ಕ್ ಸುತ್ತುತ್ತೀನಿ. ಇನ್ನೇನು ಬಿಡಲಿ ಹೇಳಿ?"

ಸದ್ಯಕ್ಕೆ ಏನೂ ಬಿಡಬೇಡಿ, ಮೊದಲು ಆ ಎರಡು ಕೆ.ಜಿ. ಲೆಕ್ಕ ನೋಡೋಣ ಅನ್ನುತ್ತೇನೆ. ಅದರಲ್ಲಿ ಹೆಚ್ಚಿನ ಪಾಲು ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ, ಸುಮಾರು ಅರ್ಧ ಕೆ.ಜಿ.ವರೆಗೂ. ಅದರ ಒಂದೊಂದು ಗ್ರಾಂ ಜೊತೆಗೂ ಮೂರು ಗ್ರಾಂನಷ್ಟು ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ತಕ್ಷಣ ಖರ್ಚಾಗುವುದು ಈ ದಾಸ್ತಾನು. ನೀರೂ ಅದರ ಹಿಂದೆಯೇ ಹೋಗುತ್ತದೆ. ಅದೇ ವೇಗ ಮುಂದಿನ ವಾರವೂ ಇರಬೇಕು ಅಂದರೆ ಆಗುವ ಮಾತಲ್ಲ.

ಕೊಬ್ಬಿನ ಲೆಕ್ಕವೇ ಬೇರೆ. ಮೈಯ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಡುಗೆಮನೆಯಲ್ಲಿರುವ ಒಂದು ಲೀಟರ್ ಎಣ್ಣೆ ಪ್ಯಾಕೆಟ್ಟಿನಲ್ಲಿ ಇರುವುದೂ ಹೆಚ್ಚು ಕಡಿಮೆ ಅಷ್ಟೇ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೂ ಅದು ಖಾಲಿಯಾಗಲು ಹದಿನೈದು ದಿನ ಬೇಕು. ಅಂದರೆ ದಿನಕ್ಕೆ 65 ಗ್ರಾಂ ಆಸುಪಾಸು. ಮನೆಯ ತೂಕದ ಮೆಷಿನ್ನಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ನಿನ್ನೆ ಮದುವೆ ಮನೆಯಲ್ಲಿ ತಿಂದ ಉಪ್ಪಿನಕಾಯಿ, ಹಪ್ಪಳ, ಎರಡು ಸಲ ಹಾಕಿಸಿಕೊಂಡ ಪುಳಿಯೋಗರೆ ಮೈಯಲ್ಲಿ ನೀರು ಹಿಡಿದು, ಬೆಳಗಾಗುವುದರೊಳಗೆ ಒಂದು ಕೆ.ಜಿ. ಏರಿಸಿ ತೋರಿಸಬಹುದು. ಹೆಂಗಸರಿಗೆ ಮುಟ್ಟಿನ ಹಿಂದಿನ ದಿನಗಳಲ್ಲೂ ಹೀಗಾಗುತ್ತದೆ. ಎರಡು ವಾರ ಕಷ್ಟಪಟ್ಟು ಕರಗಿಸಿದ ಕೊಬ್ಬನ್ನು ಒಂದು ರಾತ್ರಿಯ ನೀರು ಮುಚ್ಚಿಹಾಕುತ್ತದೆ. ನೀವು ಸೋತಿಲ್ಲ, ಮೆಷಿನ್ ಬೇರೆ ಏನನ್ನೋ ತೂಗುತ್ತಿದೆ ಅಷ್ಟೇ.

ಅದಕ್ಕೇ ನಾನು ಟೇಪು ಹಿಡಿಯಲು ಹೇಳುತ್ತೇನೆ. ಟೈಲರ್ ಇಟ್ಟುಕೊಳ್ಳುವ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಯಾರೂ ನೋಡುತ್ತಿಲ್ಲ! ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ತಿಂಗಳಿಗೊಮ್ಮೆ ಅಳೆದರೆ ಸಾಕು. ತೂಕ ನಿಂತಲ್ಲೇ ನಿಂತು ಸೊಂಟ ಎರಡು ಸೆಂ.ಮೀ. ಇಳಿದಿರುವುದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ತೂಕವನ್ನೂ ನೋಡಲೇಬೇಕು ಅಂದರೆ ವಾರಕ್ಕೊಂದು ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ. ನಾಲ್ಕು ವಾರದ ಅಂಕಿ ಒಟ್ಟಿಗೆ ಇಟ್ಟುಕೊಂಡು ಮಾತಾಡೋಣ.

ಇಷ್ಟೆಲ್ಲ ಹೇಳಿದ ಮೇಲೂ "ತೂಕ ಇಳಿಯದಿದ್ದರೆ ಏನು ಪ್ರಯೋಜನ" ಅನ್ನುವವರಿದ್ದಾರೆ. ಅವರಿಗೆ ನಾನು ಹೇಳುವುದು ಚೆನ್ನೈನ ಒಂದು ಅಧ್ಯಯನದ ವಿಷಯ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ ಕಾಯಿಲೆಗೆ ತಿರುಗುವ ಅಪಾಯ 28.5% ಕಡಿಮೆಯಾಗಿತ್ತು. ಅವರ ತೂಕ ಮಾತ್ರ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ! ನಡೆದದ್ದು, ಊಟ ಬದಲಿಸಿದ್ದು ಒಳಗೆ ಕೆಲಸ ಮಾಡಿತ್ತು.

ಉತ್ಸಾಹದ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಅದು ಯುಗಾದಿಗೆ ಬರುತ್ತದೆ, ಹೋಳಿಗೆ ಮುಗಿಯುವುದರೊಳಗೆ ಹೋಗುತ್ತದೆ. ಅದರ ಬದಲು ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ಟಿಕ್ ಹಾಕಿ. ಈ ವಾರ ಐದು ದಿನ ಅರ್ಧ ಗಂಟೆ ನಡೆದೆನಾ? ಮುದ್ದೆಯ ಜೊತೆ ಸೊಪ್ಪಿನ ಪಲ್ಯ, ಕಾಳು ಇತ್ತಾ? ಇವು ನಿಮ್ಮ ಮಾತು ಕೇಳುತ್ತವೆ, ಮುಳ್ಳು ಕೇಳುವುದಿಲ್ಲ. ಎರಡು ದಿನ ಹಬ್ಬದೂಟ ಮಾಡಿದ್ದಕ್ಕೆ ಮೂರನೇ ದಿನ ಉಪವಾಸ ಕೂರುವುದೂ ಬೇಡ. ಮಾಮೂಲಿ ಊಟಕ್ಕೆ ಮರಳಿದರೆ ಆಯಿತು.

ಎರಡು ತಿಂಗಳಾದರೂ ತೂಕ, ಸೊಂಟ ಎರಡೂ ಅಲ್ಲೇ ಇದ್ದರೆ ಆಗ ಹುಡುಕಬೇಕು. ತೂಕ ಇಳಿದಂತೆ ಮೈಗೆ ಬೇಕಾಗುವ ಶಕ್ತಿಯೂ ಇಳಿಯುತ್ತದೆ, ಮೊದಲು ಸಾಲುತ್ತಿದ್ದ ಕಡಿತ ಆಮೇಲೆ ಸಾಲುವುದಿಲ್ಲ. ನಾನು ಮೊದಲು ಕೇಳುವುದು, ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ, ಎಷ್ಟು ಜನ ಇದ್ದೀರಿ ಅಂತ. ಒಬ್ಬರಿಗೆ ಅರ್ಧ ಲೀಟರ್ ಆಸುಪಾಸು ನನ್ನ ಲೆಕ್ಕ. ಒಗ್ಗರಣೆಗೆ ಪ್ಯಾಕೆಟ್ಟಿನಿಂದ ನೇರ ಸುರಿಯುವ ಮನೆಯಲ್ಲಿ ಉತ್ತರ ಅಲ್ಲೇ ಸಿಗುತ್ತದೆ. ಅಲ್ಲೂ ಸಿಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿದ್ದರೆ ಪಿಸಿಓಡಿ, ಅಂದರೆ ಹಾರ್ಮೋನ್ ಏರುಪೇರಿನಿಂದ ಬರುವ ಅಂಡಾಶಯದ ತೊಂದರೆ, ಇದೆಯಾ ಅಂತ ಡಾಕ್ಟರನ್ನು ಕೇಳಿ. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳೂ ತೂಕ ಏರಿಸುತ್ತವೆ. ತೆಗೆದುಕೊಳ್ಳುತ್ತಿದ್ದರೆ ಬರೆದುಕೊಟ್ಟ ಡಾಕ್ಟರಿಗೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.